ಎಲ್ಲರಿಗೂ ಉಂಟು, ನನಗೊಬ್ಬನಿಗೆ ಇಲ್ಲ

1736ರ ಫೆಬ್ರವರಿಯಲ್ಲಿ ಜಾನ್ ವೆಸ್ಲಿ ಎಂಬ ಮೂವತ್ತೆರಡು ವರ್ಷದ ಇಂಗ್ಲಿಷ್ ಪಾದ್ರಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಬಂದಿಳಿದ. ಆಕ್ಸ್‌ಫರ್ಡಿನಲ್ಲಿ ಓದಿದವನು, ಉಪವಾಸ, ಪ್ರಾರ್ಥನೆ, ಜೈಲಿನ ಕೈದಿಗಳ ಭೇಟಿ ಯಾವುದರಲ್ಲೂ ಲೋಪ ಮಾಡದವನು. ಬರುವ ದಾರಿಯಲ್ಲಿ ಹಡಗು ಭಾರಿ ಬಿರುಗಾಳಿಗೆ ಸಿಕ್ಕಿತ್ತು. ಇಂಗ್ಲಿಷ್ ಪ್ರಯಾಣಿಕರು ಚೀರಾಡುತ್ತಿದ್ದಾಗ ಅದೇ ಹಡಗಿನಲ್ಲಿದ್ದ ಜರ್ಮನ್ ಭಾಷೆಯ ಮೊರೇವಿಯನ್ ಕ್ರೈಸ್ತರು ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲಿಲ್ಲ. ಅವರ ಹೆಂಗಸರು ಮಕ್ಕಳಿಗೂ ಸಾವಿನ ಭಯವಿರಲಿಲ್ಲ. ಅದು ವೆಸ್ಲಿಯ ಮನಸ್ಸಿನಲ್ಲಿ ಕೂತುಬಿಟ್ಟಿತು. ದಡ ಸೇರಿದ ಮೇಲೆ ಮೊರೇವಿಯನ್ನರ ಮುಖಂಡ ಸ್ಪಾಂಗೆನ್‌ಬರ್ಗ್‌ನ ಸಲಹೆ ಕೇಳಲು ಹೋದ. ಆತ ಸಲಹೆ ಕೊಡುವ ಬದಲು ತಿರುಗಿ ಪ್ರಶ್ನೆ ಹಾಕಿದ: ಯೇಸು ಕ್ರಿಸ್ತ ನಿನಗೆ ಗೊತ್ತೇ? ವೆಸ್ಲಿ ಸ್ವಲ್ಪ ತಡೆದು, ಆತ ಲೋಕದ ರಕ್ಷಕನೆಂದು ಗೊತ್ತು ಎಂದ. ಅದು ಸರಿ, ನಿನ್ನನ್ನು ರಕ್ಷಿಸಿದ್ದಾನೆಂದು ಗೊತ್ತೇ ಎಂದು ಸ್ಪಾಂಗೆನ್‌ಬರ್ಗ್ ಮತ್ತೆ ಕೇಳಿದ. ವೆಸ್ಲಿ ಹಾರಿಕೆಯ ಉತ್ತರ ಕೊಟ್ಟ. ಆಮೇಲೆ ದಿನಚರಿಯಲ್ಲಿ, ತನ್ನ ಮಾತು ಬರೀ ಮಾತಾಗಿತ್ತೇನೋ ಎಂಬ ಭಯವನ್ನು ಬರೆದಿಟ್ಟ.

ಲೋಕಕ್ಕೆ ಸಿಕ್ಕಿದ್ದು ನನಗೂ ಸಿಕ್ಕಿದೆಯೇ? ಕೇಳಲು ಸಣ್ಣ ಪ್ರಶ್ನೆ. ಆದರೆ ಪ್ರಾಟೆಸ್ಟೆಂಟ್ ಯುರೋಪಿನ ಸುಮಾರು ಮುನ್ನೂರು ವರ್ಷಗಳ ಒಳಬದುಕನ್ನು ಈ ಪ್ರಶ್ನೆ ಆಳಿತು. ದೇವರು ಪ್ರೀತಿಸ್ವರೂಪಿ ಎಂಬುದನ್ನು ಯಾವ ಕ್ರೈಸ್ತನೂ ಅಲ್ಲಗಳೆಯುವುದಿಲ್ಲ. ತೊಡಕು ಬರುವುದು ಆ ಪ್ರೀತಿಯ ವಿಳಾಸದಲ್ಲಿ. ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಕಡೆ ದೇವಕುಮಾರನ ಪ್ರೀತಿಯ ಬಗ್ಗೆ ಹೇಳುವಾಗ ‘ನಮ್ಮನ್ನು’ ಎನ್ನದೆ ‘ನನ್ನನ್ನು’ ಎನ್ನುತ್ತಾನೆ. ಮಾರ್ಟಿನ್ ಲೂಥರ್ ಈ ಪತ್ರದ ಮೇಲೆ ಮಾಡಿದ ಉಪನ್ಯಾಸಗಳು 1535ರಲ್ಲಿ ಅಚ್ಚಾದವು. ಅವನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಿದ್ದು ಈ ಸರ್ವನಾಮವನ್ನೇ. ವ್ಯಾಕರಣದ ಒಂದು ಪುಟ್ಟ ಪದದ ಮೇಲೆ ಇಷ್ಟು ಭಾರ ಹೇರಿದ ಇನ್ನೊಬ್ಬ ಭಾಷ್ಯಕಾರನನ್ನು ನಾನು ಕಂಡಿಲ್ಲ.

ಹಳೆಯ ಚರ್ಚು ಇದನ್ನು ಒಪ್ಪಲಿಲ್ಲ. 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆ, ತನಗೆ ಕೃಪೆ ದೊರೆತಿದೆ ಎಂಬ ಖಚಿತ ನಂಬಿಕೆ ಪ್ರತಿ ವಿಶ್ವಾಸಿಗೂ ಇರಲೇಬೇಕೆಂಬ ವಾದವನ್ನು ಪೊಳ್ಳು ಭರವಸೆ ಎಂದು ತಳ್ಳಿಹಾಕಿತು. ಮನುಷ್ಯ ತನ್ನ ದೌರ್ಬಲ್ಯ ನೋಡಿಕೊಂಡಾಗ ಅಂಜುವುದು ಸಹಜ, ಸಂಸ್ಕಾರಗಳೂ ಸಂತರೂ ಸಭೆಯೂ ಇದ್ದಾರೆ, ಅವರೊಡನೆ ಆಶೆಯಿಂದ ನಡೆದರೆ ಸಾಕು ಎಂಬುದು ಆ ನಿಲುವಿನ ತಿರುಳು. ಜಾನ್ ಕಾಲ್ವಿನ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊರಟ. ಅವನಿಗೆ ವಿಶ್ವಾಸವೆಂದರೇ ದೇವರಿಗೆ ನಮ್ಮ ಮೇಲಿರುವ ಒಲವಿನ ದೃಢವಾದ ಅರಿವು. ಅದರ ಜೊತೆಗೇ ಅವನ ಅನುಯಾಯಿಗಳು ಇನ್ನೊಂದನ್ನೂ ಒತ್ತಿ ಹೇಳಿದರು: ಯಾರು ಉಳಿಯಬೇಕು, ಯಾರು ಉಳಿಯಬಾರದು ಎಂಬುದನ್ನು ದೇವರು ಲೋಕ ಹುಟ್ಟುವ ಮೊದಲೇ ತೀರ್ಮಾನಿಸಿದ್ದಾನೆ. ಎರಡನ್ನೂ ಒಟ್ಟಿಗೆ ನಂಬಿದವನಿಗೆ ಒಂದೇ ಕೆಲಸ ಉಳಿಯಿತು. ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ತಿಳಿಯುವುದು. ಪಟ್ಟಿಯೋ ದೇವರ ಬಳಿ ಇದೆ, ನೋಡಲು ಸಿಗುವುದಿಲ್ಲ. ಹಾಗಾಗಿ ಜನ ತಮ್ಮ ಎದೆಯೊಳಗೆ ಹುಡುಕತೊಡಗಿದರು. ಕೇಂಬ್ರಿಜ್‌ನ ವಿಲಿಯಂ ಪರ್ಕಿನ್ಸ್ 1590ರ ದಶಕದಲ್ಲಿ ರಕ್ಷಣೆಯ ಮತ್ತು ನಾಶದ ಹಾದಿಗಳನ್ನು ಒಂದು ನಕ್ಷೆಯ ರೂಪದಲ್ಲಿ ಬಿಡಿಸಿಯೇ ಕೊಟ್ಟ. ಓದುಗ ಅದರ ಮೇಲೆ ಬೆರಳಿಟ್ಟು ತಾನೆಲ್ಲಿದ್ದೇನೆಂದು ನೋಡಿಕೊಳ್ಳಬಹುದಿತ್ತು. ಈ ಹುಡುಕಾಟ ಎಷ್ಟು ಜನರನ್ನು ಹಣ್ಣು ಮಾಡಿತೆಂದರೆ, 1646ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೂಡಿದ್ದ ಧರ್ಮಪಂಡಿತರು ತಮ್ಮ ವಿಶ್ವಾಸಪ್ರಮಾಣದಲ್ಲಿ ಒಂದು ಸಮಾಧಾನದ ಮಾತು ಸೇರಿಸಬೇಕಾಯಿತು. ನಿಶ್ಚಯವು ವಿಶ್ವಾಸದ ತಿರುಳಲ್ಲ, ನಿಜವಾದ ವಿಶ್ವಾಸಿಯೂ ಅದಕ್ಕಾಗಿ ಬಹುಕಾಲ ಕಾಯಬೇಕಾಗಬಹುದು ಎಂದು. ದೇವಶಾಸ್ತ್ರದ ದಾಖಲೆಗಳಲ್ಲಿ ಮನುಷ್ಯರ ನರಳಾಟ ಹೀಗೆ ಉಪವಾಕ್ಯಗಳಲ್ಲಿ ಇಣುಕುತ್ತದೆ.

ಆ ನರಳಾಟವನ್ನು ಮುಚ್ಚುಮರೆಯಿಲ್ಲದೆ ಬರೆದವನು ಬೆಡ್‌ಫರ್ಡಿನ ಪಾತ್ರೆ ರಿಪೇರಿ ಮಾಡುವ ಜಾನ್ ಬನ್ಯನ್. ಕನ್ನಡಿಗರಿಗೆ ಅವನು ಅಪರಿಚಿತನಲ್ಲ. ಅವನ ರೂಪಕ ಕಥೆಯನ್ನು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಬಾಸೆಲ್ ಮಿಶನ್‌ನವರು 1847ರಲ್ಲೇ ಕನ್ನಡಕ್ಕೆ ತಂದಿದ್ದರು. ಆದರೆ 1666ರಲ್ಲಿ ಅವನು ಜೈಲಿನಲ್ಲಿದ್ದಾಗ ಪ್ರಕಟವಾದ ಆತ್ಮಕಥನ ಅದಕ್ಕಿಂತ ಬೇರೆ ಜಾತಿಯದು. ಬೈಬಲಿನ ಒಂದು ವಾಕ್ಯ ಅವನನ್ನು ಎತ್ತುತ್ತದೆ, ಮರುದಿನ ಇನ್ನೊಂದು ವಾಕ್ಯ ಕೆಡವುತ್ತದೆ. ಹೀಗೆ ವರ್ಷಗಟ್ಟಲೆ. ಆ ದಿನಗಳಲ್ಲಿ ಅವನ ಕೈಗೆ ಸಿಕ್ಕ ಒಂದು ಪುಸ್ತಕ ಗಾಯಕ್ಕೆ ಉಪ್ಪು ಸವರಿತು. ಫ್ರಾನ್ಸಿಸ್ ಸ್ಪಿಯೆರಾ ಎಂಬ ಇಟಲಿಯ ವಕೀಲ, ಚರ್ಚಿನ ಒತ್ತಡಕ್ಕೆ ಮಣಿದು ತನ್ನ ಪ್ರಾಟೆಸ್ಟೆಂಟ್ ನಂಬಿಕೆಯನ್ನು ನಿರಾಕರಿಸಿ, ದೇವರು ತನ್ನನ್ನು ಕೈಬಿಟ್ಟನೆಂದು ಕೊರಗಿ 1548ರಲ್ಲಿ ಸತ್ತ ಕಥೆ ಅದು. ಬನ್ಯನ್ ಆ ಬಾವಿಯಿಂದ ಮೇಲೆ ಬಂದ. ಅದಕ್ಕೇ ಅವನ ಪುಸ್ತಕ ನಮಗೆ ಉಳಿದಿದೆ.

ವೆಸ್ಲಿಯೂ ಮೇಲೆ ಬಂದ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಭೆಗೆ ಅವನು ಒಲ್ಲದ ಮನಸ್ಸಿನಿಂದಲೇ ಹೋದ. ಅಲ್ಲಿ ಯಾರೋ ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಸುಮಾರು ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ತನ್ನ ಎದೆ ವಿಚಿತ್ರವಾಗಿ ಬೆಚ್ಚಗಾಯಿತು, ಕ್ರಿಸ್ತನು ತನ್ನ ಪಾಪಗಳನ್ನೂ ತೆಗೆದುಹಾಕಿದ್ದಾನೆಂಬ ಭರವಸೆ ಬಂತು ಎಂದು ಅವನು ಬರೆದುಕೊಂಡ. ಗಡಿಯಾರದ ಸಮಯ ಸಮೇತ. ಮೆಥಡಿಸ್ಟ್ ಚಳವಳಿ ಈ ದಿನಾಂಕವನ್ನು ಹಬ್ಬದಂತೆ ನೆನೆಯುತ್ತದೆ. ಅಷ್ಟಾಗಿ ನೆನೆಯದಿರುವುದು ಇನ್ನೊಂದು ಕಾಗದವನ್ನು. 1766ರ ಜೂನ್‌ನಲ್ಲಿ, ಸಾವಿರಾರು ಜನರಿಗೆ ಈ ನಿಶ್ಚಯವನ್ನು ಬೋಧಿಸಿ ಮುಗಿಸಿದ್ದ ಅರವತ್ತಮೂರರ ವೆಸ್ಲಿ ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರದ ಕೆಲವು ಸಾಲುಗಳು ಶೀಘ್ರಲಿಪಿಯಲ್ಲಿವೆ. ತಾನು ದೇವರನ್ನು ಪ್ರೀತಿಸುವುದಿಲ್ಲ, ಎಂದೂ ಪ್ರೀತಿಸಿರಲಿಲ್ಲ ಎಂದು ಅಲ್ಲಿ ತೋಡಿಕೊಂಡಿದ್ದಾನೆ. ಬೇರೆಯವರ ಕಣ್ಣಿಗೆ ಬೀಳಬಾರದೆಂದೇ ಆ ಲಿಪಿ ಬಳಸಿದನೇನೋ.

ಈ ವಿಷಯದ ಚರಿತ್ರೆ ಸಾಮಾನ್ಯವಾಗಿ ಸಿಕ್ಕವರ ಚರಿತ್ರೆ. ಸಾಕ್ಷಿ ಹೇಳುವವರು ಸಿಕ್ಕವರೇ. ಸಿಕ್ಕಿ ಕಳೆದುಕೊಂಡವರು ಬಹುಮಟ್ಟಿಗೆ ಮೌನವಾಗುತ್ತಾರೆ. ಅಂಥ ಒಬ್ಬ, ಇಂಗ್ಲಿಷಿನ ಒಳ್ಳೆಯ ಕವಿಗಳಲ್ಲಿ ಒಬ್ಬನೂ ಆಗಿದ್ದು, ಇಪ್ಪತ್ತೇಳು ವರ್ಷ ಆ ಸ್ಥಿತಿಯಲ್ಲಿದ್ದೇ ಪತ್ರಗಳನ್ನು ಬರೆಯುತ್ತ ಹೋದದ್ದರಿಂದ ನಮಗೆ ಆ ಇನ್ನೊಂದು ಮಗ್ಗುಲು ಕಾಣುತ್ತದೆ. ಅವನು ವಿಲಿಯಂ ಕೂಪರ್.

1731ರಲ್ಲಿ ಹರ್ಟ್‌ಫರ್ಡ್‌ಶೈರಿನ ಪಾದ್ರಿಯೊಬ್ಬನ ಮನೆಯಲ್ಲಿ ಹುಟ್ಟಿದ. ಆರು ತುಂಬುವ ಹೊತ್ತಿಗೆ ತಾಯಿ ಹೆರಿಗೆಯಲ್ಲಿ ಸತ್ತಳು. ಆ ಸಾವು ಅವನನ್ನು ಎಂದೂ ಬಿಡಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ, 1790ರಲ್ಲಿ, ನೆಂಟರೊಬ್ಬರು ತಾಯಿಯ ಚಿತ್ರ ಕಳಿಸಿಕೊಟ್ಟಾಗ ಅವನು ಬರೆದ ಕವಿತೆಯನ್ನು ಓದಿದವರಿಗೆ ಇದು ಗೊತ್ತು. ಕಾನೂನು ಓದಿದ, ವಕೀಲಿಕೆ ಹಿಡಿಸಲಿಲ್ಲ. ಸೋದರ ಸಂಬಂಧಿ ಥಿಯೊಡೋರಾಳನ್ನು ಮೆಚ್ಚಿದ, ಅವಳ ತಂದೆ ಒಪ್ಪಲಿಲ್ಲ. 1763ರಲ್ಲಿ ನೆಂಟರ ಪ್ರಭಾವದಿಂದ ಪಾರ್ಲಿಮೆಂಟಿನ ಲಾರ್ಡ್ಸ್ ಸಭೆಯಲ್ಲಿ ಒಂದು ಗುಮಾಸ್ತ ಹುದ್ದೆ ಸಿಗುವುದರಲ್ಲಿತ್ತು. ಆದರೆ ಅದಕ್ಕೆ ಸಭೆಯ ಎದುರು ನಿಂತು ಪರೀಕ್ಷೆ ಕೊಡಬೇಕಿತ್ತು. ಎಲ್ಲರ ಮುಂದೆ ನಿಲ್ಲುವ ಆ ಭಯ ಅವನ ಬುದ್ಧಿಯನ್ನೇ ಕದಡಿತು. ಪರೀಕ್ಷೆಯ ದಿನ ಹತ್ತಿರವಾದಂತೆ ಮತ್ತೆ ಮತ್ತೆ ಜೀವ ಕಳೆದುಕೊಳ್ಳಲು ಯತ್ನಿಸಿದ. ಬದುಕಿದ ಮೇಲೆ ಅದಕ್ಕಿಂತ ದೊಡ್ಡ ಭಯ ಹಿಡಿಯಿತು: ಕ್ಷಮೆಯಿಲ್ಲದ ಪಾಪ ಮಾಡಿಬಿಟ್ಟಿದ್ದೇನೆ. ಅದೇ ಡಿಸೆಂಬರಿನಲ್ಲಿ ಅವನನ್ನು ಸೇಂಟ್ ಆಲ್ಬನ್ಸ್‌ನಲ್ಲಿ ನಥಾನಿಯೆಲ್ ಕಾಟನ್ ಎಂಬ ವೈದ್ಯ ನಡೆಸುತ್ತಿದ್ದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು.

ಹುಚ್ಚರನ್ನು ಸರಪಳಿಯಲ್ಲಿಟ್ಟು ದುಡ್ಡು ಪಡೆದು ಜನರಿಗೆ ತೋರಿಸುತ್ತಿದ್ದ ಕಾಲ ಅದು. ಕಾಟನ್ ಸ್ವತಃ ಕವಿ, ದೈವಭಕ್ತ, ಕನಿಕರವುಳ್ಳವನು. ಅವನ ಕೈಗೆ ಸಿಕ್ಕಿದ್ದು ಕೂಪರನ ಪುಣ್ಯ. 1764ರ ಜುಲೈಯಲ್ಲಿ ಒಂದು ದಿನ ಕೂಪರ್ ಬೈಬಲ್ ತೆರೆದಾಗ ರೋಮಾಪುರದವರ ಪತ್ರದ ಮೂರನೆಯ ಅಧ್ಯಾಯದ ಇಪ್ಪತ್ತೈದನೆಯ ವಚನ ಕಣ್ಣಿಗೆ ಬಿತ್ತು. ಕ್ರಿಸ್ತನ ರಕ್ತದಿಂದ ಆದ ಪ್ರಾಯಶ್ಚಿತ್ತದ ಬಗೆಗಿನ ಮಾತು. ಅದನ್ನು ತನಗಾಗಿ ಬರೆದದ್ದೆಂದು ಅವನು ಓದಿದ. ಆನಂದದಿಂದ ಉಸಿರು ಕಟ್ಟುವಂತಾಯಿತಂತೆ. ರೋಗಿ ಮತ್ತೆ ಕೆಟ್ಟನೇನೋ ಎಂದು ಕಾಟನ್‌ಗೆ ಮೊದಲು ಗಾಬರಿಯಾಯಿತು.

ಮೂರು ವರ್ಷಗಳ ಒಳಗೆ ಕೂಪರ್ ಇದನ್ನೆಲ್ಲ ಒಂದು ಆತ್ಮಚರಿತ್ರೆಯಾಗಿ ಬರೆದಿಟ್ಟ. ಅದು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1816ರಲ್ಲಿ. ಕತ್ತಲು, ಬೆಳಕು, ಆಮೇಲೆ ಪ್ರೀತಿಯ ಒಂದು ಮನೆ. ಸಾಕ್ಷಿಕಥನದ ಅಚ್ಚಿಗೆ ಸರಿಯಾಗಿ ಕೂರುವ ಬರಹ. ಬದುಕು ಅಲ್ಲಿಗೇ ನಿಂತಿದ್ದರೆ ಇವನನ್ನೂ ಸಿಕ್ಕವರ ಪಟ್ಟಿಗೆ ಸೇರಿಸಬಹುದಿತ್ತು.

ಆ ಮನೆ ಹಂಟಿಂಗ್‌ಡನ್ ಊರಿನ ಅನ್ವಿನ್ ದಂಪತಿಗಳದು. 1767ರಲ್ಲಿ ಗಂಡ ಮಾರ್ಲಿ ಅನ್ವಿನ್ ಕುದುರೆಯಿಂದ ಬಿದ್ದು ಸತ್ತ. ಹೆಂಡತಿ ಮೇರಿ ಅನ್ವಿನ್ ಮತ್ತು ಕೂಪರ್ ಒಟ್ಟಿಗೆ ಬಕಿಂಗ್‌ಹ್ಯಾಮ್‌ಶೈರಿನ ಓಲ್ನಿ ಎಂಬ ಊರಿಗೆ ಹೋಗಿ ನೆಲೆಸಿದರು. ಓಲ್ನಿ ಲೇಸ್ ಹೆಣೆಯುವವರ ಊರು, ಬಡವರ ಊರು. ಬನ್ಯನ್ನನ ಬೆಡ್‌ಫರ್ಡನ್ನು ಹಾದುಹೋಗುವ ಔಸ್ ನದಿಯೇ ಇದರ ಪಕ್ಕದಲ್ಲೂ ಹರಿಯುತ್ತದೆ. ಅವರನ್ನು ಅಲ್ಲಿಗೆ ಕರೆದವನು ಅಲ್ಲಿನ ಸಭಾಪಾಲಕ ಜಾನ್ ನ್ಯೂಟನ್. ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ದುಡಿದು, 1748ರ ಬಿರುಗಾಳಿಯೊಂದರಲ್ಲಿ ದೇವರನ್ನು ಕೂಗಿ, ಆಮೇಲೆಯೂ ಕೆಲವು ವರ್ಷ ಗುಲಾಮರ ಹಡಗಿನ ಕಪ್ತಾನನಾಗಿದ್ದು, ಕೊನೆಗೆ 1764ರಲ್ಲಿ ಪಾದ್ರಿಯಾದವನು. ನಿಶ್ಚಯ ಎಂಬುದು ನ್ಯೂಟನ್‌ಗೆ ಮೈಗೂಡಿದ ಸಂಗತಿ. ತನ್ನಂಥವನನ್ನೇ ದೇವರು ಪ್ರೀತಿಸಿದ ಮೇಲೆ ಯಾರನ್ನು ಬಿಟ್ಟಾನು ಎಂಬುದು ಅವನ ತರ್ಕ.

ಇಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಹಣ್ಣಿನ ತೋಟ. ದಿನವೂ ಭೇಟಿ. ನ್ಯೂಟನ್ ವಾರದ ಪ್ರಾರ್ಥನಾಕೂಟಗಳಿಗೆಂದು ಹೊಸ ಸ್ತುತಿಗೀತೆಗಳನ್ನು ಬರೆಯುತ್ತಿದ್ದ, ಕೂಪರನಿಂದಲೂ ಬರೆಸಿದ. ಓದುಬರಹ ಹೆಚ್ಚು ತಿಳಿಯದ ಲೇಸ್ ಕೆಲಸದವರು ಹಾಡಬೇಕು, ಹಾಡಿದ್ದು ನೆನಪಿನಲ್ಲಿ ಉಳಿಯಬೇಕು. ಆದ್ದರಿಂದ ಸಣ್ಣ ಪದ, ಸರಳ ಧಾಟಿ. ಇವೆಲ್ಲ ಸೇರಿ 1779ರಲ್ಲಿ ‘ಓಲ್ನಿ ಹಿಮ್ಸ್’ ಎಂಬ ಸಂಕಲನವಾಯಿತು. ಅದರ 348 ಗೀತೆಗಳಲ್ಲಿ ಸುಮಾರು 67 ಕೂಪರನವು. ಈ ಗೀತೆಗಳಲ್ಲಿ ಹಾಡುವವನು ‘ನಾನು’. ಲೂಥರ್ ಒತ್ತಿ ಹೇಳಿದ ಸರ್ವನಾಮ ಇಲ್ಲಿ ಊರಿನ ಬಾಯಿಗೆ ಬಂತು. ಒಬ್ಬ ‘ನಾನು’ ಎಂದು ಬರೆದದ್ದನ್ನು ಇನ್ನೂರು ಜನ ಒಟ್ಟಿಗೆ ‘ನಾನು’ ಎಂದು ಹಾಡಿದಾಗ ಪ್ರತಿಯೊಬ್ಬರಿಗೂ ಅದು ತಮ್ಮ ಮಾತೆನಿಸುತ್ತದೆ. ಸ್ಪಾಂಗೆನ್‌ಬರ್ಗ್‌ನ ಪ್ರಶ್ನೆಗೆ ಹೌದು ಎನ್ನಲು ಬಡವರಿಗೆ ಕಲಿಸಿದ್ದು ಧರ್ಮೋಪದೇಶಕ್ಕಿಂತ ಹೆಚ್ಚಾಗಿ ಹಾಡು ಎಂದು ನನಗನ್ನಿಸುತ್ತದೆ.

1773ರ ಹೊಸವರ್ಷದ ದಿನ ನ್ಯೂಟನ್ ಪೂರ್ವಕಾಲವೃತ್ತಾಂತದ ಮೇಲೆ ಉಪದೇಶ ಮಾಡಿದ. ಮುಂದೆ ‘ಅಮೇಜಿಂಗ್ ಗ್ರೇಸ್’ ಎಂದು ಲೋಕಪ್ರಸಿದ್ಧವಾದ ಗೀತೆ ಆ ದಿನಕ್ಕೆಂದು ಬರೆದದ್ದು. ಅದಾಗಿ ಮೂರೂವರೆ ವಾರದಲ್ಲಿ ಕೂಪರ್ ಕುಸಿದ. ಅದಕ್ಕೆ ಸ್ವಲ್ಪ ಮೊದಲು ಅವನ ಮತ್ತು ಮೇರಿ ಅನ್ವಿನ್‌ರ ಮದುವೆಯ ಮಾತು ನಡೆದಿತ್ತು, ಅದೂ ಮುರಿಯಿತು. ಫೆಬ್ರವರಿಯ ಕೊನೆಯಲ್ಲಿ ಒಂದು ಕನಸು ಬಿತ್ತು. ಕನಸಿನಲ್ಲಿ ಕೇಳಿದ ಒಂದು ಮಾತು, ನಿನ್ನ ಕಥೆ ಮುಗಿಯಿತು ಎಂಬ ಅರ್ಥದ್ದು, ದೇವರ ತೀರ್ಪೆಂದು ಅವನಿಗೆ ಖಚಿತವಾಯಿತು. ಅಬ್ರಹಾಮನಿಂದ ಇಸಾಕನನ್ನು ಕೇಳಿದಂತೆ ದೇವರು ತನ್ನಿಂದ ತನ್ನ ಪ್ರಾಣವನ್ನೇ ಬಲಿಯಾಗಿ ಕೇಳಿದ, ತಾನು ಕೊಡಲಾರದೆ ಹೋದೆ, ಆದ್ದರಿಂದ ದೇವರು ಕೈಬಿಟ್ಟ ಎಂದು ನಂಬಿದ. ಅಂದಿನಿಂದ ಸಾಯುವವರೆಗೆ ಅವನು ಆರಾಧನೆಗೆ ಹೋಗಲಿಲ್ಲ, ಪ್ರಾರ್ಥಿಸಲಿಲ್ಲ. ನಾಸ್ತಿಕನಾದನೇ ಎಂದರೆ ಅದೂ ಅಲ್ಲ. ದೇವರಿದ್ದಾನೆ, ಪ್ರೀತಿಸ್ವರೂಪಿಯೇ ಹೌದು, ಎಲ್ಲರನ್ನೂ ಕರೆಯುತ್ತಾನೆ. ತನ್ನೊಬ್ಬನನ್ನು ಬಿಟ್ಟು.

ಅವನ ಹತಾಶೆಯ ತರ್ಕ ಗಮನಿಸಬೇಕಾದದ್ದು. ನ್ಯೂಟನ್ ಕಲಿಸಿದ ಸಿದ್ಧಾಂತದ ಪ್ರಕಾರ ದೇವರು ಒಮ್ಮೆ ಕೈಹಿಡಿದವರನ್ನು ಎಂದೂ ಬಿಡುವುದಿಲ್ಲ. ಕೂಪರ್ ಇದನ್ನು ಅಲ್ಲಗಳೆಯಲಿಲ್ಲ. 1764ರಲ್ಲಿ ತನ್ನ ಕೈಹಿಡಿದದ್ದು ನಿಜವೆಂದೂ ಒಪ್ಪುತ್ತಿದ್ದ. ಎರಡನ್ನೂ ಒಪ್ಪಿದ ಮೇಲೆ, ನಿಯಮಕ್ಕೆ ಜಗತ್ತಿನಲ್ಲಿರುವ ಏಕೈಕ ಅಪವಾದ ತಾನು ಎಂಬ ತೀರ್ಮಾನಕ್ಕೆ ಬಂದ. ಇಂಥವನಿಗೆ ವಾದದಿಂದ ಸಮಾಧಾನ ಹೇಳಲು ಬರುವುದಿಲ್ಲ. ನೀವು ತರುವ ಪ್ರತಿ ವಚನವನ್ನೂ ಆತ ಒಪ್ಪುತ್ತಾನೆ, ಅದು ನನಗೆ ಅನ್ವಯಿಸುವುದಿಲ್ಲ ಎನ್ನುತ್ತಾನೆ. ಪ್ರೀತಿಯ ವಿಳಾಸ ‘ನನಗೆ’ ಎಂದು ಖಾಸಗಿಯಾದಾಗ ತಿರಸ್ಕಾರದ ವಿಳಾಸವೂ ಖಾಸಗಿಯಾಗುತ್ತದೆ. ಸ್ಪಿಯೆರಾನ ನರಕವೂ ಇಂಥದೇ. ಮಧ್ಯಯುಗದ ರೈತನೊಬ್ಬ ನರಕಕ್ಕೆ ಹೆದರಿದ್ದರೆ ಊರಿನವರೆಲ್ಲರ ಜೊತೆ ಹೆದರುತ್ತಿದ್ದ. ಕೂಪರನ ನರಕದಲ್ಲಿ ಜೊತೆಗಾರರೇ ಇರಲಿಲ್ಲ.

ನ್ಯೂಟನ್ ವಾದ ಮಾಡಿದ, ಸೋತ. ಆದರೆ ಅವನು ಮಾಡಿದ್ದು ವಾದವೊಂದನ್ನೇ ಅಲ್ಲ. 1773ರ ಏಪ್ರಿಲ್‌ನಲ್ಲಿ ಕೂಪರ್ ಇದ್ದಕ್ಕಿದ್ದಂತೆ ನ್ಯೂಟನ್ನನ ಮನೆಗೆ ಬಂದವನು ತಿರುಗಿ ಹೋಗಲು ಒಪ್ಪಲಿಲ್ಲ. ಹದಿಮೂರು ತಿಂಗಳು ಅಲ್ಲೇ ಉಳಿದ. ಮೇರಿಯೂ ಬಂದು ಜೊತೆಗಿದ್ದಳು. ಆ ಅಕ್ಟೋಬರಿನಲ್ಲಿ ಮತ್ತೊಮ್ಮೆ ಜೀವ ಕಳೆದುಕೊಳ್ಳಲು ಯತ್ನಿಸಿದ. ಮೇರಿ ತನ್ನನ್ನು ದ್ವೇಷಿಸುತ್ತಾಳೆಂದು ನಂಬಿಯೂ ಅವಳ ಆರೈಕೆಯನ್ನಷ್ಟೇ ಒಪ್ಪುತ್ತಿದ್ದ. ಸಣ್ಣ ಸಂಬಳದ ಪಾದ್ರಿಯ ಮನೆ, ಒಂದಲ್ಲ ಎರಡಲ್ಲ ಹದಿಮೂರು ತಿಂಗಳು. ಇದನ್ನೂ ಅವರ ದೇವಶಾಸ್ತ್ರದ ಭಾಗವಾಗಿಯೇ ಓದಬೇಕೆಂದು ನಾನು ವಾದಿಸುತ್ತೇನೆ.

1774ರ ಮೇ ತಿಂಗಳಲ್ಲಿ ಅವನು ತನ್ನ ಮನೆಗೆ ಮರಳಿದ. ಮನಸ್ಸನ್ನು ಏನಾದರೊಂದಕ್ಕೆ ಹಚ್ಚಬೇಕಿತ್ತು. ನೆರೆಯವರು ಒಂದು ಮೊಲದ ಮರಿ ಕೊಟ್ಟರು. ಅದು ತಿಳಿದು ಊರಿನವರು ಇನ್ನಷ್ಟು ತಂದರು. ಕೊನೆಗೆ ಮೂರನ್ನು ಇಟ್ಟುಕೊಂಡ: ಪುಸ್, ಟೈನಿ, ಬೆಸ್. ಮೂರೂ ಗಂಡು, ಹೆಸರುಗಳು ಮೋಸ ಮಾಡುತ್ತವೆ. ಅವಕ್ಕೆ ಮಲಗುವ ಗೂಡುಗಳನ್ನು ತಾನೇ ಬಡಗಿ ಕೆಲಸ ಮಾಡಿ ಕಟ್ಟಿದ. ಪುಸ್ ಒಮ್ಮೆ ಮೂರು ದಿನ ಕಾಯಿಲೆ ಬಿದ್ದಾಗ ಆರೈಕೆ ಮಾಡಿದ್ದನ್ನೂ, ಗುಣವಾದ ಮೇಲೆ ಅದು ತನ್ನ ಕೈಯ ಇಂಚಿಂಚನ್ನೂ ನೆಕ್ಕಿದ್ದನ್ನೂ 1784ರಲ್ಲಿ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ ಪತ್ರಿಕೆಯಲ್ಲಿ ಬರೆದ. ತೋಟಗಾರಿಕೆ, ಚಿತ್ರಕಲೆ, ಆಮೇಲೆ ಮೇರಿಯ ಒತ್ತಾಯದಿಂದ ಕವಿತೆ. 1782ರಲ್ಲಿ ಮೊದಲ ಸಂಕಲನ, 1785ರಲ್ಲಿ ‘ದಿ ಟಾಸ್ಕ್’. ಇಂಗ್ಲೆಂಡಿನ ಹಳ್ಳಿಯ ಬೆಳಗು, ಚಳಿ, ಸಂಜೆಯ ಚಹಾ, ಹೀಗೆ ಸಣ್ಣದನ್ನೆಲ್ಲ ಕಣ್ಣಿಟ್ಟು ನೋಡಿದ ಕಾವ್ಯ. ಮುಂದೆ ವರ್ಡ್ಸ್‌ವರ್ತ್ ನಡೆದ ದಾರಿಯನ್ನು ಇದು ಒಂದಿಷ್ಟು ಸವೆಸಿಟ್ಟಿತ್ತು. ಇಷ್ಟೂ ಕೆಲಸವನ್ನು ಮಾಡಿದವನು ತಾನು ಶಾಶ್ವತವಾಗಿ ನಾಶವಾದವನೆಂದು ಪ್ರತಿದಿನ ನಂಬಿದ್ದ ಮನುಷ್ಯ. ಆ ಪತ್ರಗಳಲ್ಲಿ ಸೌತೆಬಳ್ಳಿಯ ಬಗ್ಗೆ, ಮೀನಿನ ಬಗ್ಗೆ, ನೆರೆಹೊರೆಯವರ ಬಗ್ಗೆ ನಗೆಚಾಟಿಕೆ ಇರುತ್ತದೆ. ನಡುವೆ ಎಲ್ಲೋ ಒಂದು ವಾಕ್ಯದಲ್ಲಿ ನೆಲ ಬಾಯಿ ಬಿಡುತ್ತದೆ. ಮತ್ತೆ ಸೌತೆಬಳ್ಳಿ.

ಇಲ್ಲಿ ಚರಿತ್ರೆಯ ಒಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗಲಾರೆ. ನ್ಯೂಟನ್ ಗುಲಾಮರ ಹಡಗಿನ ಕಪ್ತಾನನಾಗಿದ್ದಾಗ ಭಾನುವಾರ ನಾವಿಕರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದ. ದೇವರು ತನ್ನನ್ನು ಕಾಪಾಡುತ್ತಿದ್ದಾನೆಂಬ ಕೃತಜ್ಞತೆ ಅವನ ಬರಹದಲ್ಲಿ ತುಂಬಿದೆ. ಆಗ ಹಡಗಿನ ಕೆಳ ಅಂತಸ್ತಿನಲ್ಲಿ ಜನರನ್ನು ಸರಪಳಿಯಲ್ಲಿ ಕಟ್ಟಿಹಾಕಿತ್ತು. 1754ರಲ್ಲಿ ಕಡಲು ಬಿಟ್ಟದ್ದು ಆರೋಗ್ಯ ಕೆಟ್ಟದ್ದರಿಂದ, ಪಶ್ಚಾತ್ತಾಪದಿಂದಲ್ಲ. ಆ ವ್ಯಾಪಾರದ ವಿರುದ್ಧ ಅವನು ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬರೆದಾಗ ತಪ್ಪೊಪ್ಪಿಗೆಯಲ್ಲಿ ಕಂಜೂಸು ಮಾಡಲಿಲ್ಲ, ಅದು ನಿಜ. ಆದರೆ ಕೂಪರ್ 1782ರ ಸಂಕಲನದಲ್ಲೇ ಗುಲಾಮರ ವ್ಯಾಪಾರವನ್ನು ಖಂಡಿಸಿದ್ದ, ‘ದಿ ಟಾಸ್ಕ್’ನಲ್ಲಿ ಮತ್ತೆ ಖಂಡಿಸಿದ, 1788ರಲ್ಲಿ ಚಳವಳಿಗಾರರ ಕೋರಿಕೆಯ ಮೇಲೆ ಬೀದಿಯಲ್ಲಿ ಹಾಡುವಂಥ ಲಾವಣಿಗಳನ್ನೂ ಬರೆದುಕೊಟ್ಟ. ದೇವರ ಪ್ರೀತಿ ತನಗಿದೆಯೆಂಬ ನಿಶ್ಚಯವಿದ್ದವನಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯಿಗೆ ಬಾರದ ಮಾತು, ಅದಿಲ್ಲದವನಿಗೆ ಮೊದಲು ಬಂತು. ಇದರಿಂದ ಒಂದು ಸೂತ್ರ ಮಾಡುವುದು ಬೇಡ. ಆದರೆ ನಿಶ್ಚಯವಿದ್ದಲ್ಲಿ ಕಣ್ಣೂ ತೆರೆದಿರುತ್ತದೆ ಎಂದು ಬೋಧಿಸುವವರು ಈ ಇಸವಿಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಕೂಪರ್ ಸತ್ತ ಮೇಲೆ ಜಗಳ ಶುರುವಾಯಿತು. ಧರ್ಮವೇ ಅವನನ್ನು ಹುಚ್ಚನನ್ನಾಗಿ ಮಾಡಿತು, ನ್ಯೂಟನ್ನನ ಕಠೋರ ಉಪದೇಶ ಅವನ ಮೆತ್ತನೆಯ ಮನಸ್ಸನ್ನು ಮುರಿಯಿತು ಎಂದು ಒಂದು ಪಕ್ಷ. ಹುಚ್ಚು ಮೊದಲೇ ಇತ್ತು, ಧರ್ಮವೊಂದೇ ಅವನನ್ನು ಕೆಲಕಾಲವಾದರೂ ಉಳಿಸಿತು ಎಂದು ಇನ್ನೊಂದು. 1830ರ ದಶಕದಲ್ಲಿ ಕವಿ ರಾಬರ್ಟ್ ಸೌದಿ ಮತ್ತು ಗ್ರಿಮ್‌ಷಾ ಎಂಬ ಪಾದ್ರಿ ಕೂಪರನ ಕೃತಿಗಳನ್ನು ಪೈಪೋಟಿಯ ಮೇಲೆ ಹೊರತಂದದ್ದರ ಹಿಂದೆ ಈ ಜಗಳವೂ ಇತ್ತು. ಮೊದಲ ಪಕ್ಷಕ್ಕೆ 1763 ಅಡ್ಡ ಬರುತ್ತದೆ. ಆಗ ಕೂಪರ್ ನ್ಯೂಟನ್ನನ್ನು ನೋಡಿಯೂ ಇರಲಿಲ್ಲ. ಎರಡನೆಯ ಪಕ್ಷಕ್ಕೆ 1773 ಅಡ್ಡ ಬರುತ್ತದೆ. ಕಾಯಿಲೆಗೆ ಇಂದಿನ ಹೆಸರು ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ. ಕಾಯಿಲೆ ಎಲ್ಲಿಂದಲೇ ಬರಲಿ, ಅದಕ್ಕೆ ಮಾತು ಬೇಕಲ್ಲ, ಆ ಮಾತನ್ನು ಅವನ ಕಾಲದ ಧರ್ಮ ಕೊಟ್ಟಿತು. ಗುಣವಾಗುವುದಕ್ಕೂ ಅದೇ ಮಾತು ಕೊಟ್ಟಿತ್ತು. ನ್ಯೂಟನ್ನನ ತಪ್ಪುಗಳು ಇದಕ್ಕಿಂತ ಸಣ್ಣವು, ಮನುಷ್ಯಸಹಜವಾದವು. 1780ರಲ್ಲಿ ಲಂಡನ್ನಿಗೆ ಹೋದ ಮೇಲೂ ಅಲ್ಲಿಂದ ಕಣ್ಣಿಡಲು ನೋಡಿದ. ‘ದಿ ಟಾಸ್ಕ್’ ವಿಷಯ ತನಗೆ ಮೊದಲೇ ಹೇಳಲಿಲ್ಲವೆಂದು ಮುನಿಸಿಕೊಂಡ. ಕೂಪರ್ ನೆರೆಯ ಕ್ಯಾಥೊಲಿಕ್ ಕುಟುಂಬದೊಡನೆ ಓಡಾಡಿಕೊಂಡು ನಗುತ್ತಿದ್ದಾನೆಂದು ಸುದ್ದಿ ಬಂದಾಗ ಎಚ್ಚರಿಸಿ ಕಾಗದ ಬರೆದ. ನಾಶವಾದೆನೆಂದು ನಂಬಿದವನು ಒಂದು ಸಂಜೆ ನಕ್ಕರೆ ಸಂತೋಷಪಡಬೇಕಿತ್ತು. ಕೂಪರ್ ಸಭ್ಯವಾಗಿಯೇ, ಆದರೆ ಗಟ್ಟಿಯಾಗಿ ಉತ್ತರಿಸಿದ.

1790ರ ದಶಕದಲ್ಲಿ ಅವನು ಹಿಡಿದ ಇನ್ನೊಂದು ದಾರಿಯನ್ನು ಜೀವನಚರಿತ್ರೆಕಾರರು ಮುಜುಗರದಿಂದ ದಾಟಿಸುತ್ತಾರೆ. ಓಲ್ನಿಯಲ್ಲಿ ಸ್ಯಾಮ್ಯುಯೆಲ್ ಟೀಡನ್ ಎಂಬ ಬಡ ಶಾಲಾಮಾಸ್ತರನಿದ್ದ. ಕೊಂಚ ಜಂಭದವನು, ಬೇಸರ ಹಿಡಿಸುವಷ್ಟು ಮಾತಿನವನು. ಕೂಪರನೇ ಹಿಂದೆ ಅವನನ್ನು ಗೇಲಿ ಮಾಡುತ್ತಿದ್ದ. ಈಗ ಕೂಪರ್ ನಸುಕಿನಲ್ಲಿ ತನಗೆ ಕೇಳುವ ಧ್ವನಿಗಳ ಮಾತನ್ನು ಬರೆದು ಟೀಡನ್‌ಗೆ ಕಳಿಸುತ್ತಿದ್ದ. ಟೀಡನ್ ಪ್ರಾರ್ಥಿಸಿ, ದೇವರಿಂದ ಬಂದ ಉತ್ತರವೆಂದು ಧೈರ್ಯದ ಮಾತುಗಳನ್ನು ತಿರುಗಿ ಕಳಿಸುತ್ತಿದ್ದ. ವಿದ್ಯಾವಂತ ಕವಿ, ಹೋಮರನನ್ನು ಅನುವಾದಿಸಿದವನು, ಹಳ್ಳಿಯ ಮಾಸ್ತರನ ಮೂಲಕ ದೇವರ ಮನಸ್ಸನ್ನು ಕೇಳಿಸಿಕೊಳ್ಳುತ್ತಿದ್ದ. ನಗಬಹುದು. ಆದರೆ ತನ್ನ ಕಿವಿಯನ್ನು ನಂಬಲಾಗದವನು ಇನ್ನೊಬ್ಬರ ಕಿವಿಯನ್ನು ಎರವಲು ಪಡೆಯದೆ ಏನು ಮಾಡಬೇಕು? ನಿಶ್ಚಯ ಒಬ್ಬನ ಎದೆಯಲ್ಲೇ ಮೊಳೆಯಬೇಕೆಂದು ಹಟ ಹಿಡಿದ ಒಂದು ಪರಂಪರೆಯೊಳಗೆ, ಅವನು ಹೀಗೆ ಮಧ್ಯವರ್ತಿಯೊಬ್ಬನನ್ನು ಹುಡುಕಿಕೊಂಡ. ಟ್ರೆಂಟ್‌ನ ಪಾದ್ರಿಗಳು ನೋಡಿದ್ದರೆ ಮುಗುಳ್ನಗುತ್ತಿದ್ದರೇನೋ.

ಮೇರಿ ಅನ್ವಿನ್‌ಗೆ 1791ರ ಕೊನೆಯಲ್ಲಿ ಪಾರ್ಶ್ವವಾಯು ಬಡಿಯಿತು, ಮರುವರ್ಷ ಮತ್ತೊಮ್ಮೆ. ಇಪ್ಪತ್ತೈದು ವರ್ಷ ಆರೈಕೆ ಮಾಡಿದವಳನ್ನು ಈಗ ಅವನು ನೋಡಿಕೊಂಡ. 1794ರಲ್ಲಿ ದೊರೆ 300 ಪೌಂಡು ವರ್ಷಾಶನ ಕೊಟ್ಟಾಗ ಅದನ್ನು ಗಮನಿಸುವ ಸ್ಥಿತಿಯಲ್ಲೂ ಅವನಿರಲಿಲ್ಲ. ನೆಂಟ ಜಾನ್ ಜಾನ್ಸನ್ ಇಬ್ಬರನ್ನೂ ನಾರ್ಫೋಕ್‌ಗೆ ಕರೆದೊಯ್ದ. 1796ರ ಡಿಸೆಂಬರಿನಲ್ಲಿ ಮೇರಿ ತೀರಿಕೊಂಡಳು. 1799ರ ಮಾರ್ಚಿನಲ್ಲಿ ಕೂಪರ್ ‘ದಿ ಕ್ಯಾಸ್ಟವೇ’ ಬರೆದ. ಕಮೊಡೋರ್ ಆನ್ಸನ್‌ನ ಸಮುದ್ರಯಾನದ ಪುಸ್ತಕದಲ್ಲಿ ಬರುವ ಒಂದು ಪ್ರಸಂಗ ಅದರ ಮೂಲ. ಕೇಪ್ ಹಾರ್ನ್ ಬಳಿ ಬಿರುಗಾಳಿಯಲ್ಲಿ ನಾವಿಕನೊಬ್ಬ ಹಡಗಿನಿಂದ ಬೀಳುತ್ತಾನೆ, ಚೆನ್ನಾಗಿ ಈಜುತ್ತಾನೆ, ಜೊತೆಯವರಿಗೆ ಕಾಣುತ್ತಲೂ ಇರುತ್ತಾನೆ. ಗಾಳಿಯ ರಭಸಕ್ಕೆ ಹಡಗು ತಿರುಗಿಸಲಾಗುವುದಿಲ್ಲ. ಈ ಕವಿತೆಯಲ್ಲಿ ಜೊತೆಯವರು ಕೆಟ್ಟವರಲ್ಲ. ಕೈಲಾದದ್ದನ್ನೆಲ್ಲ ನೀರಿಗೆ ಎಸೆಯುತ್ತಾರೆ. ನ್ಯೂಟನ್, ಮೇರಿ, ಟೀಡನ್, ಜಾನ್ಸನ್ ಎಲ್ಲರೂ ಆ ಹಡಗಿನ ಮೇಲಿದ್ದಾರೆಂದು ನಾನು ಓದುತ್ತೇನೆ.

1800ರ ಏಪ್ರಿಲ್ 25ರಂದು ಈಸ್ಟ್ ಡೆರೆಹ್ಯಾಮ್ ಊರಿನಲ್ಲಿ ಕೂಪರ್ ಸತ್ತ. ಕೊನೆಯವರೆಗೂ ಯಾವ ಸಮಾಧಾನದ ಮಾತನ್ನೂ ಒಪ್ಪಿಕೊಂಡಿರಲಿಲ್ಲ. ಸತ್ತ ಮೇಲೆ ಅವನ ಮುಖದಲ್ಲಿ ಶಾಂತಿಯ ಜೊತೆಗೆ ಒಂದು ಬಗೆಯ ಪವಿತ್ರ ಬೆರಗು ಕಂಡಿತೆಂದು ಜಾನ್ಸನ್ ಬರೆದ. ಕಂಡಿತೋ, ಕಾಣಲೇಬೇಕೆಂದು ಕಂಡನೋ. ಬದುಕುಳಿದವರಿಗೆ ಅದು ಬೇಕಿತ್ತು. ಎಲಿಜಬೆತ್ ಬ್ಯಾರೆಟ್ 1838ರ ತನ್ನ ಸಂಕಲನದಲ್ಲಿ ಕೂಪರನ ಸಮಾಧಿಯ ಮೇಲೊಂದು ಕವಿತೆ ಪ್ರಕಟಿಸಿ, ಜ್ವರದ ಅಮಲಿನಿಂದ ಎಚ್ಚೆತ್ತ ಮಗುವಿಗೆ ತಾಯಿಯ ಮುಖ ಕಂಡಂತೆ ಅವನಿಗೂ ಆಗಿರಬೇಕೆಂದು ಕಲ್ಪಿಸಿಕೊಂಡಳು. ಲಂಡನ್ನಿನಲ್ಲಿ ಎಪ್ಪತ್ತನಾಲ್ಕರ ನ್ಯೂಟನ್ ಗೆಳೆಯನಿಗಾಗಿ ಉಪದೇಶ ಮಾಡಿದ. ಅದಕ್ಕೆ ಆರಿಸಿಕೊಂಡದ್ದು ವಿಮೋಚನಕಾಂಡದಲ್ಲಿ ಮೋಶೆ ಕಂಡ ಪೊದೆಯ ಪ್ರಸಂಗವನ್ನು, ಬೆಂಕಿ ಹತ್ತಿಯೂ ಸುಟ್ಟುಹೋಗದ ಪೊದೆ. ಡೆರೆಹ್ಯಾಮ್‌ನ ಸೇಂಟ್ ನಿಕೊಲಸ್ ಚರ್ಚಿನಲ್ಲಿ ಶಿಲ್ಪಿ ಫ್ಲಾಕ್ಸ್‌ಮನ್ ರೂಪಿಸಿದ ಕೂಪರನ ಸ್ಮಾರಕವಿದೆ. ಮೇರಿ ಅನ್ವಿನ್‌ಳನ್ನು ಹೂಳಿದ್ದೂ ಅದೇ ಚರ್ಚಿನಲ್ಲಿ.